ಬೂದಿ ದಿಬ್ಬದ ಹೊಲದಲ್ಲಿ ಸಿಕ್ಕ ಹಲ್ಲು

ಹೋದ ತಿಂಗಳು ಆದೋನಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಇಂಜೆಕ್ಷನ್ ಕೊಟ್ಟಾಗಿತ್ತು, ಅರ್ಧ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು, ನೋವಿನ ಮಾತೇ ಇರಲಿಲ್ಲ. ಡಾಕ್ಟರು ದವಡೆಯ ಕೊನೆಯ ಹಲ್ಲಿಗೆ ಆ ಸಣ್ಣ ಯಂತ್ರವನ್ನು ತಾಗಿಸಿ ಕೊರೆಯತೊಡಗಿದರು. ಒಂದು ವಾಸನೆ ಬಂತು. ಕೂದಲು ಸುಟ್ಟಂತೆ, ಎತ್ತಿನ ಕೊಂಬಿಗೆ ಕಾದ ಕಬ್ಬಿಣ ತಾಗಿದಂತೆ. ನಾನು ಕೈ ಎತ್ತಿ ಎದ್ದು ಕೂತೆ.

"ನೋವಾತೇನ್ರಿ ಮೇಡಂ?"

"ಇಲ್ಲಪ್ಪ. ವಾಸನಿ."

"ಅದು ನಿಮ್ಮ ಹಲ್ಲಿಂದ ವಾಸನೀರಿ. ಎಲ್ಲಾರದೂ ಹಿಂಗ ಬರ್ತೈತಿ."

ಅದು ಹಲ್ಲಿನ ವಾಸನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎದ್ದು ಕೂತಿದ್ದು. ಈ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಭೌತಶಾಸ್ತ್ರದ ಪ್ರಶ್ನೆ ಕೇಳಿ ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಿದೆ. ಮೇಡಂ ಕೊರೆಯುವ ಯಂತ್ರಕ್ಕೆ ಹೆದರಿದರೆಂದು ಅವನು ಮನೆಗೆ ಹೋಗಿ ಹೇಳಿ ನಕ್ಕಿರಬಹುದು. ನಗಲಿ, ಅಷ್ಟು ಹಕ್ಕು ಅವನಿಗಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ.

ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ಹದಿನೈದು ವರ್ಷಗಳ ಹಿಂದೆ, ಒಂದು ಪೊಲೀಸ್ ಠಾಣೆಯ ಪಡಸಾಲೆಯಲ್ಲಿ. ಹೊಲದಲ್ಲಿ ಸಿಕ್ಕ ಒಂದು ಹಲ್ಲನ್ನು ಅಲ್ಲಿ ಕೊರೆದಿದ್ದರು, ಅದು ಯಾರದು ಎಂಬುದೇ ಆಗ ಪ್ರಶ್ನೆಯಾಗಿತ್ತು. ನನ್ನ ಮಾವ, ಸೋದರತ್ತೆಯ ಗಂಡನದು ಎಂದು ಊರು ಹೇಳುತ್ತಿತ್ತು. ಮಾವನನ್ನು ಕೊಂದು ಹೂತವನು ನನ್ನ ಅಪ್ಪ ಎಂದೂ ಹೇಳುತ್ತಿತ್ತು.

ನಮ್ಮೂರು ಆದೋನಿಯಿಂದ ಪತ್ತಿಕೊಂಡದ ಕಡೆ ಹೋಗುವ ದಾರಿಯಲ್ಲಿದೆ. ಕರಿಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ. ಅಪ್ಪ ಹತ್ತಿ, ಶೇಂಗಾ ಬೆಳೆಯುತ್ತಿದ್ದ. ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಪ್ಪನ ತಂಗಿ, ಗೌರತ್ತೆ. ಅವಳ ಗಂಡ ಸಂಗಪ್ಪ ಮಾವ ತುಂಗಭದ್ರೆಯ ದಂಡೆಯ ಮಾಧವರಂನವನು, ನಮ್ಮ ಮನೆಗೇ ಬಂದು ನೆಲೆಸಿದ ಅಳಿಯ. ಅವರಿಗೆ ಮಕ್ಕಳಿರಲಿಲ್ಲ. ಒಕ್ಕಲುತನ ಮಾವನಿಗೆ ಹತ್ತಲಿಲ್ಲ. ಅವನಿಗೆ ಹತ್ತಿದ್ದು ಕಲ್ಲು.

ಪತ್ತಿಕೊಂಡದ ಆಚೆಯ ಕೆಂಪು ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಮಣ್ಣು ತೊಳೆದು ವಜ್ರ ಮೇಲೆ ಬರುತ್ತದೆಂದು ಜನ ಬುತ್ತಿ ಕಟ್ಟಿಕೊಂಡು ಹುಡುಕಲು ಹೋಗುತ್ತಾರೆ. ಈಗಲೂ ಹೋಗುತ್ತಾರೆ. ಮಾವ ಪ್ರತಿ ವರ್ಷ ಹೋಗಿ, ಜೇಬು ತುಂಬ ಬೆಣಚುಕಲ್ಲು ತುಂಬಿಕೊಂಡು ಬರುತ್ತಿದ್ದ. ಒಂದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟು ಕೇಳುತ್ತಿದ್ದ.

"ಇದಕ್ಕ ಎಷ್ಟು ವಯಸ್ಸಾಗಿರಬೇಕು ಹೇಳು?"

"ನೂರು."

"ಹಂಗಾದ್ರ ನಿಮ್ಮಪ್ಪನಕಿಂತ ದೊಡ್ಡದಾತು. ನಮಸ್ಕಾರ ಮಾಡು."

ನಾನು ಕಲ್ಲನ್ನು ನೆಲಕ್ಕಿಟ್ಟು ನಮಸ್ಕಾರ ಮಾಡುತ್ತಿದ್ದೆ. ವಿಜ್ಞಾನದಲ್ಲಿ ನನ್ನ ಮೊದಲ ಪಾಠ ಅದೇ ಇರಬೇಕು, ಉತ್ತರ ಮಾತ್ರ ಪೂರ್ತಿ ತಪ್ಪು.

ನಮ್ಮ ಹೊಲವೊಂದರ ಅಂಚಿಗೆ ಒಂದು ಬೂದಿ ದಿಬ್ಬ ಇತ್ತು. ರಾಕ್ಷಸನನ್ನು ಸುಟ್ಟ ಬೂದಿ ಅದು ಎಂದು ನಮ್ಮ ಕಡೆ ಹೇಳುತ್ತಾರೆ. ಊರವರೆಲ್ಲ ತಲೆಮಾರುಗಳಿಂದ ಅದನ್ನು ಬಂಡಿಗೆ ತುಂಬಿ ಗೊಬ್ಬರಕ್ಕೆ ಒಯ್ದು ಒಯ್ದು ದಿಬ್ಬ ಎದೆಮಟ್ಟಕ್ಕೆ ಇಳಿದಿತ್ತು. ಒಂದು ವರ್ಷ ಮಾವನ ತಲೆಗೆ, ವಜ್ರ ಇದ್ದರೆ ಆ ದಿಬ್ಬದ ಬುಡದಲ್ಲೇ ಇರಬೇಕು ಎಂದು ಹೊಕ್ಕಿತು. ಹೂವು ಬಿಟ್ಟ ಶೇಂಗಾದ ನಡುವೆ ಏಳೆಂಟು ಕಡೆ ಮೊಣಕಾಲುದ್ದ ತಗ್ಗು ತೋಡಿಬಿಟ್ಟ. ನಾನಾಗ ನಾಲ್ಕನೆಯ ತರಗತಿ. ಅತ್ತೆ ಕೊಟ್ಟ ಮಜ್ಜಿಗೆ ಚೆಂಬು ಹಿಡಿದು ಹೊಲಕ್ಕೆ ಹೋದಾಗ, ಕಳೆ ತೆಗೆಯುವ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಅಪ್ಪ ಮಾವನ ಎದುರಿಗೆ ನಿಂತಿದ್ದ.

"ಇನ್ನೊಮ್ಮೆ ಈ ಹೊಲಕ್ಕ ಕಾಲಿಟ್ಟಿ ಅಂದ್ರ, ನೀನ ತೋಡಿದ ತಗ್ಗಿನ್ಯಾಗ ನಿನ್ನ ಹೂಳ್ತೀನಿ."

ಮಾವ ಕೈಯ ಮಣ್ಣು ಒರೆಸಿಕೊಂಡ. ನನ್ನ ಕೈಯಿಂದ ಚೆಂಬು ತೆಗೆದುಕೊಂಡು ಎರಡು ಗುಟುಕು ಮಜ್ಜಿಗೆ ಕುಡಿದು, ಬಂಡಿದಾರಿ ಹಿಡಿದು ಹೋದ. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಅಂದು ದೀಪ ಹಚ್ಚುವ ಹೊತ್ತಿಗೆ ಅಪ್ಪ ಹೊಲದಿಂದ ಬಂದ. ಧೋತರ, ಮೊಣಕೈ, ಎಲ್ಲ ಮಣ್ಣು. ದನಗಳ ತೊಟ್ಟಿಯ ಹತ್ತಿರ ಕೂತು ತಾನೇ ಸನಿಕೆ ತೊಳೆದ. ಅವನು ಎಂದೂ ಸನಿಕೆ ತೊಳೆದವನಲ್ಲ, ಆ ಹೊತ್ತಿನಲ್ಲಿ ಸ್ನಾನ ಮಾಡಿದವನೂ ಅಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದೆ. ಯಾರಿಗೂ ಹೇಳಲಿಲ್ಲ.

ಮಾವ ಊಟಕ್ಕೆ ಬರಲಿಲ್ಲ, ಮರುದಿನವೂ ಬರಲಿಲ್ಲ. "ಹೊಟ್ಟಿ ಹಸಿದ್ರ ಬರ್ತಾನ," ಎಂದು ಅಪ್ಪ ಅಂದ. ಮಂತ್ರಾಲಯದ ಹೊಳೆದಂಡೆಯಲ್ಲಿ ಕಂಡ, ಗುಂತಕಲ್ ಸ್ಟೇಷನ್ನಿನಲ್ಲಿ ಕಂಡ ಎಂದು ಒಬ್ಬೊಬ್ಬರು ಒಂದೊಂದು ಸುದ್ದಿ ತಂದರು. ಅಪ್ಪ ಎಲ್ಲಿಗೂ ಹೋಗಲಿಲ್ಲ. ಅತ್ತೆ ಕೆಲವು ವರ್ಷ ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿದಳು. ಆಮೇಲೆ ಅದನ್ನೂ ಬಿಟ್ಟಳು. ಕುಂಕುಮ, ಬಳೆ ಮಾತ್ರ ಬಿಡಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ ಆಯಿತು. ನಾನು ಓದಿ, ಆದೋನಿಯಲ್ಲಿ ಟೀಚರಾಗಿ, ಮದುವೆಯಾಗಿ, ಭಾನುವಾರ ಊರಿಗೆ ಹೋಗಿಬರುವವಳಾದೆ. ಅಂಥ ಒಂದು ಭಾನುವಾರ ಅಪ್ಪ ಆ ಹೊಲದಲ್ಲಿ ನೀರಿನ ಹೊಂಡ ತೋಡಿಸುತ್ತಿದ್ದ. ಜೆಸಿಬಿ ಹೊಡೆಯುತ್ತಿದ್ದ ಹುಸೇನಿ ಯಂತ್ರ ನಿಲ್ಲಿಸಿ ಕೆಳಗಿಳಿದು ಬಂದ.

"ಗೌಡ್ರೇ, ಮನುಷ್ಯರದು ಏನೋ ಬಂದೈತಿ ನೋಡ್ರಿ."

ದವಡೆಯ ಒಂದು ಭಾಗ, ಅದರಲ್ಲಿ ನಾಲ್ಕು ಹಲ್ಲು. ಬುರುಡೆಯ ಚೂರುಗಳು. ಕೈಯದೋ ಕಾಲಿನದೋ ಎರಡು ಉದ್ದ ಎಲುಬು. ಉಳಿದದ್ದನ್ನೆಲ್ಲ ಯಂತ್ರ ಪುಡಿ ಮಾಡಿತ್ತು. ಅಪ್ಪ ಬಗ್ಗಿ ನೋಡಿ, ಹಾಗೇ ಬದುವಿನ ಮೇಲೆ ಕೂತುಬಿಟ್ಟ. ಅವನ ಮುಖ ನಾನು ನೋಡಿದೆ. ಊರವರೂ ನೋಡಿದರು. ಸಂಜೆಯ ಹೊತ್ತಿಗೆ, ಅಂದು ಕಳೆ ತೆಗೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳ ಬಾಯಿಂದ ಅಪ್ಪನ ಆ ಹಳೆಯ ಮಾತು ಊರೆಲ್ಲ ಸುತ್ತಿ ಬಂದಿತ್ತು.

ಎಸ್ಸೈ ಬಂದರು. ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೋದರು. ಅಪ್ಪನಿಗೆ "ಎಕ್ಕಡಿಕೀ ಪೋವದ್ದು" ಎಂದರು, ಎಲ್ಲಿಗೂ ಹೋಗಬಾರದು ಅಂತ. ಸರಕಾರಿ ಡಾಕ್ಟರು ನೋಡಿ, ಮನುಷ್ಯರದು ಹೌದು, ವಯಸ್ಕರದು, ಇಪ್ಪತ್ತು ವರ್ಷದ್ದೋ ಇನ್ನೂರು ವರ್ಷದ್ದೋ ನೋಡಿ ಹೇಳಲಾಗದು ಎಂದು ಬರೆದರು. ಅತ್ತೆ ಎಸ್ಸೈಗೆ ಒಂದೇ ಮಾತು ಕೇಳಿದಳು.

"ನಮ್ಮೋರ ಕೊರಳಾಗ ಲಿಂಗದ ಕರಡಿಗಿ ಇತ್ರಿ. ಬೆಳ್ಳೀದು. ಅದು ಸಿಕ್ಕೈತೇನು?"

ಸಿಕ್ಕಿರಲಿಲ್ಲ. ಅದರಿಂದ ಅತ್ತೆಗೆ ಒಂದಿಷ್ಟು ಧೈರ್ಯ ಬಂತು. ಆದರೆ ಬೆಳ್ಳಿಯನ್ನು ಯಾರು ಬೇಕಾದರೂ ಬಿಚ್ಚಿಕೊಂಡಿರಬಹುದು ಎಂದು ಊರು ಅದಕ್ಕೂ ಉತ್ತರ ಹುಡುಕಿತು.

ಆಗ ಬಾಯಿ ಹಾಕಿದವಳು ನಾನು. ಠಾಣೆಯಲ್ಲಿ, ಎಲ್ಲರ ಎದುರಿಗೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದೆ: "ಸಾರ್, ಎಲುಬಿನ ವಯಸ್ಸು ಕಂಡುಹಿಡಿಯೋದಕ್ಕೆ ಕಾರ್ಬನ್ ಡೇಟಿಂಗ್ ಅಂತ ಇದೆ." ಬಳ್ಳಾರಿ ಕಡೆಯ ಬೂದಿ ದಿಬ್ಬಗಳ ಮೇಲೆ ಕೆಲಸ ಮಾಡುವ ಲಲಿತಾ ಮೇಡಂ ಎಂಬ ಸಂಶೋಧಕಿ ಒಮ್ಮೆ ನಮ್ಮ ಶಾಲೆಗೆ ಮಾತಾಡಲು ಬಂದಿದ್ದರು. ಅವರ ನಂಬರು ನನ್ನಲ್ಲಿತ್ತು. ಎಸ್ಸೈ ಒಪ್ಪಿದರು. ಫೋನು ಮಾಡಿ, ದಿನ ಗೊತ್ತುಮಾಡಿ, ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಊರು ದಾಟಿದ ಮೇಲೆ, ತೊಟ್ಟಿಯ ಹತ್ತಿರ ಸನಿಕೆ ತೊಳೆಯುತ್ತಿದ್ದ ಅಪ್ಪ ಕಣ್ಣಮುಂದೆ ಬಂದ. ಇಪ್ಪತ್ತು ವರ್ಷವೋ ಇನ್ನೂರು ವರ್ಷವೋ ಎಂಬ ಡಾಕ್ಟರ ಮಾತಿನಲ್ಲಿ ಅಪ್ಪ ಸುಮ್ಮನೆ ಇದ್ದುಬಿಡಬಹುದಿತ್ತು. ಆ ಅನುಮಾನದ ಆಸರೆಯನ್ನು ನಾನೇ ಕಿತ್ತುಹಾಕಿ ಬಂದಿದ್ದೆ.

ಲಲಿತಾ ಮೇಡಂ ಬಂದ ದಿನ ಅತ್ತೆ ತಾನೂ ಠಾಣೆಗೆ ಬರುತ್ತೇನೆಂದು ಹಟ ಹಿಡಿದಳು. ಪಡಸಾಲೆಯ ಮೇಜಿನ ಮೇಲೆ ಬಟ್ಟೆ ಬಿಚ್ಚಿದರು. ಅತ್ತೆ ದವಡೆಯನ್ನೇ ನೋಡಿದಳು. "ಆತನ ಮುಂದಿನ ಹಲ್ಲು ಸಂದಿ ಇತ್ತು," ಅಂದಳು. ಇಲ್ಲಿ ಮುಂದಿನ ಹಲ್ಲುಗಳೇ ಇರಲಿಲ್ಲ. ಮೇಡಂ ಹೊಲವನ್ನೂ ನೋಡಿ ಬಂದಿದ್ದರು. ಎಲುಬಿನ ಜೊತೆ ಬೂದುಬಣ್ಣದ ಹಳೆಯ ಮಡಕೆಚೂರು ಸಿಕ್ಕಿದ್ದವು, ಆದರೆ ಅವನ್ನು ನಂಬುವ ಹಾಗಿರಲಿಲ್ಲ. ಬೂದಿ ಒಯ್ಯುವವರು ಆ ಮಣ್ಣನ್ನು ಎಷ್ಟೋ ಸಲ ತಲೆಕೆಳಗು ಮಾಡಿದ್ದರು. ಹಳೆಯ ಚೂರಿನ ಪಕ್ಕ ಹೊಸ ಎಲುಬೂ ಬಂದು ಸೇರಬಹುದು. ಎಲುಬಿನ ವಯಸ್ಸನ್ನು ಎಲುಬೇ ಹೇಳಬೇಕು.

ಅವರು ತೆಲುಗಿನವರು. ಕನ್ನಡ ಕಲಿತದ್ದು ಬಳ್ಳಾರಿಯ ಕೂಲಿ ಹೆಣ್ಣುಮಕ್ಕಳಿಂದ. ಅತ್ತೆಗೆ ಆ ಕನ್ನಡದಲ್ಲೇ ತಿಳಿಸಿದರು.

"ಅಮ್ಮಾ, ನಾವು ಉಣ್ಣೋ ಜೋಳ, ಕುಡಿಯೋ ಹಾಲು, ಎಲ್ಲಾದ್ರಾಗೂ ಇಂಗಾಲ ಐತಿ. ಅದರಾಗ ಒಂದು ಚೂರು, ತಾನ ಕರಗಿ ಹೋಗೋ ಜಾತೀದು ಇರ್ತೈತಿ. ಬದುಕಿರೋತನ ಉಣ್ತೀವಿ, ಕರಗಿದ್ದು ತುಂಬ್ಕೊಂತೈತಿ. ಸತ್ತ ದಿನ ಊಟ ನಿಂತು ಹೋತು. ಆಮ್ಯಾಗ ಬರೇ ಕರಗೋದು. ಎಷ್ಟು ಉಳಿದೈತಿ ಅಂತ ಎಣಿಸಿದ್ರ, ಊಟ ನಿಂತು ಎಷ್ಟು ಕಾಲ ಆತು ಅಂತ ಗೊತ್ತಾಗ್ತೈತಿ."

"ಊಟ ನಿಂತು ಎಷ್ಟು ಕಾಲ ಆತು ಅಂತ," ಅತ್ತೆ ಅದೊಂದನ್ನೇ ಮತ್ತೆ ಅಂದಳು. ಆಮೇಲೆ ಕೇಳಿದಳು, "ಎಷ್ಟು ಕರಾರುವಾಕ್ಕು ಹೇಳ್ತೀರಿ?"

"ನೂರು ವರ್ಷ ಆಚಿ ಈಚಿ ಆಗಬಹುದು."

"ನೂರು ವರ್ಷದಾಗ ನಾವೆಲ್ಲ ಮುಳುಗಿ ಹೋದ್ವಲ್ಲವ್ವ."

ಮೇಡಂ ನಗಲಿಲ್ಲ. "ಇನ್ನೊಂದು ಗುರುತು ಐತಿ. ನಿಮ್ಮ ಯಜಮಾನ್ರು ಹುಟ್ಟಿದ್ದು ಯಾವಾಗ?"

"ತುಂಗಭದ್ರಾ ಡ್ಯಾಮು ಕಟ್ಟಿ ಕಾಲುವಿಗೆ ಮೊದಲು ನೀರು ಬಿಟ್ರಲ್ಲ, ಅದರ ಹಿಂದುಮುಂದು."

"ಅವರು ಸಣ್ಣವರಿದ್ದಾಗ ದೊಡ್ಡ ದೇಶದವರು ಬಯಲಾಗ ಅಣುಬಾಂಬು ಸಿಡಿಸಿ ಸಿಡಿಸಿ ನೋಡಿದ್ರು. ಗಾಳ್ಯಾಗ ಆ ಇಂಗಾಲ ಹೆಚ್ಚುಕಮ್ಮಿ ಎರಡರಷ್ಟಾತು. ಗಾಳಿಂದ ಹುಲ್ಲಿಗೆ, ಹುಲ್ಲಿಂದ ಹಾಲಿಗೆ ಬಂತು. ಆಗ ಬೆಳೆದವರ ಹಲ್ಲಿನ್ಯಾಗ ಅದು ಇದ್ದ ಇರ್ತೈತಿ. ಈ ಹಲ್ಲಿನ್ಯಾಗ ಅದು ಸಿಕ್ರ, ಈ ಮನುಷ್ಯ ನಮ್ಮ ಕಾಲದಾಂವ. ಇಲ್ಲಾಂದ್ರ ಅಲ್ಲ."

"ಎಲ್ಲೋ ಬಾಂಬು ಹಾಕಿದ್ರ ನಮ್ಮ ಎಮ್ಮಿ ಹಾಲಿಗೆ ಬಂತೇನು," ಎಂದಳು ಅತ್ತೆ. ಹಲ್ಲಿಗಿಂತ ಆ ಸುದ್ದಿಯೇ ಅವಳಿಗೆ ಹೆಚ್ಚು ಕೆಟ್ಟದ್ದಾಗಿ ಕಂಡಿತೋ ಏನೋ.

ಒಳಗೆ ಏನಾದರೂ ಉಳಿದಿದೆಯೇ ನೋಡದೆ ಹಲ್ಲನ್ನು ಅಷ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಿ ಫಲವಿಲ್ಲ ಎಂದು ಮೇಡಂ ಒಂದು ದವಡೆಹಲ್ಲನ್ನು ಬಿಡಿಸಿಕೊಂಡು, ಬ್ಯಾಟರಿಯ ಸಣ್ಣ ಯಂತ್ರದಿಂದ ಅದರ ಬೇರಿನ ಕಡೆ ಕೊರೆದರು. ಆ ವಾಸನೆ ಎದ್ದಿತು. ಅವರ ಮುಖ ಅರಳಿತು.

"ವಾಸನಿ ಬಂತಲ್ಲ? ಒಳಗ ಪ್ರೋಟೀನ್ ಉಳಿದೈತಿ. ಬಹಳ ಹಳೇ ಎಲುಬಿನ್ಯಾಗ ಎಷ್ಟೋ ಸಲ ಇದು ಬರೋದ ಇಲ್ಲ."

ಅವರು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಬಹಳ ಹಳೆಯದಾಗಿದ್ದರೆ ವಾಸನೆ ಬರುವುದಿಲ್ಲ. ಇದಕ್ಕೆ ಬಂದಿದೆ.

ಅವರ ಜೀಪಿನಲ್ಲೇ ಆದೋನಿಗೆ ಬಂದೆ. ಊರು ಹತ್ತಿರವಾಗಿ ಕೋಟೆಯ ಬೆಟ್ಟ ಕಂಡಾಗ, ಏನಾದರೂ ಮಾತಾಡಬೇಕಲ್ಲ ಎಂದು, ಈ ಬೆಟ್ಟದ ವಯಸ್ಸನ್ನೂ ಹೀಗೇ ತಿಳಿಯುತ್ತಾರಾ ಎಂದು ಕೇಳಿದೆ. ಇಲ್ಲವೆಂದರು. ಇಂಗಾಲದ ಲೆಕ್ಕ ಬದುಕಿದ್ದವರಿಗೆ ಮಾತ್ರ, ಅದೂ ಐವತ್ತು ಸಾವಿರ ವರ್ಷ ದಾಟಿದರೆ ಎಣಿಸಲು ಏನೂ ಉಳಿಯುವುದಿಲ್ಲ. ಬಂಡೆಗೆ ಬೇರೆ ಗಡಿಯಾರ. ಅದರೊಳಗೆ ಜಿರ್ಕಾನ್ ಎಂಬ ರವೆಯಂಥ ಹರಳು ಇರುತ್ತದೆ, ಆ ಹರಳಿನಲ್ಲಿ ಸಿಕ್ಕಿಕೊಂಡ ಯುರೇನಿಯಂ ಬಹಳ ನಿಧಾನವಾಗಿ ಸೀಸವಾಗುತ್ತದೆ. ಎರಡೂ ಎಷ್ಟೆಷ್ಟಿವೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ. "ನಿಮ್ಮ ಬೆಟ್ಟಕ್ಕ ಇನ್ನೂರೈವತ್ತು ಕೋಟಿ ವರ್ಷದ ಸುಮಾರು ಆಗಿರಬೇಕು," ಅಂದರು. ಬೇರೆ ದಿನವಾಗಿದ್ದರೆ ಮರುದಿನವೇ ಮಕ್ಕಳನ್ನು ಸಾಲು ಹಿಡಿಸಿ ಬೆಟ್ಟಕ್ಕೆ ಕರೆತರುತ್ತಿದ್ದೆ. ಅಂದು ಇನ್ನೂರೈವತ್ತು ಕೋಟಿ ನನ್ನ ಕಿವಿಯ ಪಕ್ಕ ಹಾದುಹೋಯಿತು. ನನಗೆ ಬೇಕಾಗಿದ್ದದ್ದು ಇಪ್ಪತ್ತೆರಡರ ಲೆಕ್ಕ.

ನಾಲ್ಕು ತಿಂಗಳು ಕಾಯಬೇಕಾಯಿತು. ಆ ನಾಲ್ಕು ತಿಂಗಳ ಭಾನುವಾರಗಳನ್ನು ಈಗಲೂ ಒಂದೊಂದಾಗಿ ನೆನೆಯಬಲ್ಲೆ. ಅಪ್ಪ ಪಡಸಾಲೆಯ ಒಂದು ತುದಿಗೆ, ಅತ್ತೆ ಅಡಿಗೆಮನೆಯಲ್ಲಿ. ಅತ್ತೆ ಎಂದಿನಂತೆ ಬಿಸಿ ರೊಟ್ಟಿ ತಂದು ಅಪ್ಪನ ಗಂಗಾಳಕ್ಕೆ ಹಾಕುತ್ತಿದ್ದಳು, ಪಲ್ಯ ಬಡಿಸುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಅಪ್ಪ ಸಾಕು ಎನ್ನಲೂ ಹೆದರಿ, ಹಾಕಿದ್ದನ್ನೆಲ್ಲ ಉಣ್ಣುತ್ತಿದ್ದ. ಮದುವೆ ಮುಂಜಿಗೆ ಕರೆಯುವವರು ಕಡಿಮೆಯಾದರು. ಮಾವನ ಕಡೆಯ ಹಿರಿಯರು ಬಂದು, ಎಲುಬು ಸಿಕ್ಕ ಮೇಲೆ ಇನ್ನೇನು, ಬಳೆ ತೆಗೆದು ಕರ್ಮ ಮುಗಿಸಿಬಿಡು ಎಂದು ಅತ್ತೆಗೆ ಹೇಳಿದರು. "ಹಲ್ಲಿನ ವಯಸ್ಸು ಬರ್ಲಿ," ಎಂದಳು ಅತ್ತೆ. ಅವರಿಗೆ ಅದು ಅರ್ಥವಾಗಲಿಲ್ಲ. ಅವಳು ವಿವರಿಸಲೂ ಇಲ್ಲ.

ಒಂದು ದಿನ ಅಪ್ಪ ನನ್ನನ್ನು ಕರೆದು, ಹಲ್ಲಿನಲ್ಲಿ ಅವರು ಏನು ಎಣಿಸುತ್ತಾರೆ ಎಂದು ಕೇಳಿದ. ನಾನು ಮಕ್ಕಳಿಗೆ ತೋರಿಸುವ ಹಾಗೆ ಜೋಳದ ರೊಟ್ಟಿಯೊಂದನ್ನು ಅರ್ಧ ಮುರಿದೆ. ಐದು ಸಾವಿರದ ಏಳುನೂರು ವರ್ಷ ಆದರೆ ಇಷ್ಟು ಉಳಿಯುತ್ತದೆ, ಮತ್ತಷ್ಟು ವರ್ಷ ಆದರೆ ಇದರ ಅರ್ಧ, ಎಂದು ಇನ್ನೊಮ್ಮೆ ಮುರಿದೆ. ಅಪ್ಪ ಕಾಲು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ತಪ್ಪು ಆಗಂಗಿಲ್ಲೇನು ಅವರದು?"

ನಿರಪರಾಧಿ ಹೀಗೆ ಕೇಳುತ್ತಾನೆಯೇ? ತಪ್ಪಾಗಲಿ ಎಂದು ಕೇಳಿದನೋ, ತಪ್ಪಾದೀತೆಂದು ಹೆದರಿ ಕೇಳಿದನೋ? ಬಸ್ಸಿನಲ್ಲಿ, ಶಾಲೆಯಲ್ಲಿ, ಅನ್ನಕ್ಕೆ ನೀರಿಡುವಾಗ, ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಸಲ ಪ್ರಯೋಗಾಲಯದಲ್ಲಿ ಹಲ್ಲು ಕಳೆದುಹೋಗಲಿ ಎಂದು ದೇವರನ್ನು ಬೇಡಿಕೊಂಡೆ. ವಿಜ್ಞಾನದ ಟೀಚರು ಬೇಡಿಕೊಳ್ಳುವ ವರ ಅದು.

ಲಲಿತಾ ಮೇಡಂ ಫೋನು ಮಾಡಿದ್ದು ಒಂದು ಮಧ್ಯಾಹ್ನ. ನಾನು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಬಾಂಬಿನ ಗುರುತು ಇಲ್ಲ," ಎಂದರು. "ಮೂರೂವರೆ ಸಾವಿರ ವರ್ಷದ ಸುಮಾರಿಂದು. ಆ ಬೂದಿ ದಿಬ್ಬ ಐತಲ್ಲ, ಅಲ್ಲಿ ದನ ಕಟ್ಟಿ, ಸಗಣಿ ಒಟ್ಟಿ ಸುಡ್ತಿದ್ದ ಜನ. ಅವರಾಗ ಒಬ್ಬರು."

ಎದ್ದು ನಿಂತಿದ್ದವಳು ಕುರ್ಚಿ ಹಿಂದಿದೆ ಎಂದು ತಿಳಿದು ಕೂತೆ. ಇರಲಿಲ್ಲ. ಗಣಿತದ ಮೇಷ್ಟರು ಬಂದು ಎಬ್ಬಿಸಿದರು.

ರಜೆ ಬರೆದು ಊರಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಶೇಂಗಾ ಬೀಜ ಆರಿಸುತ್ತಿದ್ದ. ಹೇಳಿದೆ. ಅವನು ಬೀಜ ಆರಿಸುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆ ಅಂದ:

"ನಿನಗೂ ಅನುಮಾನ ಇತ್ತಲ್ಲ."

ಇಲ್ಲ ಎನ್ನಬಹುದಿತ್ತು. ಅನ್ನಲಿಕ್ಕೆ ಆಗಲಿಲ್ಲ. ಸನಿಕೆಯ ಮಾತು ಹೇಳಿದೆ, ಬಾಗಿಲ ಸಂದಿಯಿಂದ ನೋಡಿದ್ದನ್ನೂ ಹೇಳಿದೆ.

"ತಗ್ಗು ಮುಚ್ಚಿ ಬಂದಿದ್ದೆವ್ವ," ಎಂದ ಅಪ್ಪ. "ಅಂವ ತೋಡಿದ ತಗ್ಗು. ಎತ್ತಿನ ಕಾಲು ಮುರೀತಾವಂತ. ಒಂದೊಂದು ತಗ್ಗಿಗೆ ಅಂವನ್ನ ಬೈಕೊಂತ ಮುಚ್ಚಿದೆ. ಅದಕ್ಕ ಸ್ನಾನ ಮಾಡಿದ್ದು. ಬೈದ ಬಾಯಿ ಹೊತ್ಕೊಂಡು ಒಳಗ ಬರಬಾರದು ಅನ್ನಿಸ್ತು."

ಒಂದು ಮಾತು ಕೇಳಿದ್ದರೆ ಇಪ್ಪತ್ತೆರಡು ವರ್ಷದ ಹಿಂದೆಯೇ ಮುಗಿಯುತ್ತಿತ್ತು. ನಾನು ಕೇಳಿರಲಿಲ್ಲ. ಅಪ್ಪನ ಕಾಲು ಹಿಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಖುಷಿಯಾಗುತ್ತಾಳೆ, ಅಳುತ್ತಾಳೆ, ಏನಾದರೂ ಮಾಡುತ್ತಾಳೆ ಎಂದು ಅವಳನ್ನೇ ನೋಡಿದೆ.

"ಹಂಗಾದ್ರ ಆತ ಎಲ್ಲ್ಯದಾನ?" ಎಂದಳು.

ಅಪ್ಪ ಬೀಜದ ಮೊರ ಕೆಳಗಿಟ್ಟ. ಎಲುಬು ಯಾರದಲ್ಲ ಎಂಬುದನ್ನು ಪ್ರಯೋಗಾಲಯ ಹೇಳಿತ್ತು. ಮನುಷ್ಯ ಎಲ್ಲಿಗೆ ಹೋದ ಎಂಬುದನ್ನು ಯಾರೂ ಕೇಳಿಯೇ ಇರಲಿಲ್ಲ, ಅಪ್ಪನಂತೂ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಹುಡುಕಲು ಹೊರಟಿರಲಿಲ್ಲ.

ಮುಂದಿನ ಮುಂಗಾರಿಗೆ ಅಪ್ಪ ಹೊರಟ. ಅವನಿಗಾಗ ಅರವತ್ತೆಂಟು. ಅತ್ತೆಯ ಮದುವೆಯ ಫೋಟೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಪತ್ತಿಕೊಂಡದ ಆಚೆ, ವಜ್ರ ಹುಡುಕುವವರು ನೆಲ ನೋಡುತ್ತ ನಡೆಯುವ ಹೊಲಗಳಲ್ಲಿ, ಅವರ ಮುಖ ನೋಡುತ್ತ ನಡೆದ. ನಾನು ಬೇಡವೆಂದೆ, ಬಿಸಿಲಿಗೆ ಬಿದ್ದೀಯ ಎಂದೆ. ಅವನು ಕೇಳಲಿಲ್ಲ. ಪ್ರತಿ ಸಂಜೆ ಅವನು ಬಸ್ಸಿಳಿದ ಸುದ್ದಿ ಬರುವವರೆಗೆ ನನಗೆ ಹೊಸ ದಿಗಿಲು. ಆ ವರ್ಷ ಏನೂ ಸಿಗಲಿಲ್ಲ. ಎರಡನೆಯ ವರ್ಷ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಹನುಮಂತಪ್ಪ ಎಂಬವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಒಳಗೆ ಹೋದರು. ಗೋಡೆಯ ಮಾಡಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಕಪ್ಪಾದ ಬೆಳ್ಳಿ ಕರಡಿಗೆ.

ಮಾವ ಅವರ ಕುರಿಹಟ್ಟಿಯಲ್ಲಿ ಎರಡು ತಿಂಗಳು ಇದ್ದನಂತೆ. ಮರಿಗಳಿಗೆ ಸೊಪ್ಪು ತರುತ್ತಿದ್ದ, ಬಿಡುವಿದ್ದಾಗ ಕಲ್ಲು ಆರಿಸುತ್ತಿದ್ದ. ಹೆಸರು ಹೇಳಿದ್ದ, ಊರು ಹೇಳಿರಲಿಲ್ಲ. ಅದೇ ಮಳೆಗಾಲದಲ್ಲಿ ಹಾವು ಕಚ್ಚಿತು. ಅವರೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

"ಲಿಂಗ ಜೋಡೀನ ಇಡಬೇಕಂತ ನಮಗ ಗೊತ್ತಿಲ್ರಿ," ಎಂದರಂತೆ ಹನುಮಂತಪ್ಪ. "ಎವರೋ ಒಕರು ವಸ್ತಾರು, ಯಾರಾರ ಒಬ್ಬರು ಕೇಳ್ಕೊಂಡು ಬಂದ ಬರ್ತಾರಂತ ನಮ್ಮವ್ವ ಇಟ್ಟಿದ್ಲು. ಮನಿ ಕಟ್ಟಿ ಎರಡು ಸಲ ಕೆಡವಿದ್ವಿ. ಇದನ್ನ ಮಾತ್ರ ತೆಗೆದು ತೆಗೆದು ಇಟ್ವಿ."

ಇದನ್ನು ನನಗೆ ಹೇಳುವಾಗ ಅಪ್ಪ ಮತ್ತೆ ಮತ್ತೆ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದ. "ಎರಡು ತಾಸಿನ ಬಸ್ಸಿನ ದಾರಿ. ಎರಡ ತಾಸು."

ಮರುದಿನ ಅತ್ತೆಯನ್ನು ಕರೆದುಕೊಂಡು ಮೂವರೂ ಹೋದೆವು. ಬದುವಿನಲ್ಲಿ ಒಂದು ಬನ್ನಿ ಗಿಡ, ಅದರ ಬುಡದಲ್ಲಿ ನಾಲ್ಕು ಕಲ್ಲು. ಅತ್ತೆ ಕೂತಳು. ಯಾರೂ ಹೇಳದೆ ತಾನೇ ಬಳೆ ತೆಗೆದು ಕಲ್ಲಿನ ಪಕ್ಕ ಇಟ್ಟಳು. ಕರಡಿಗೆಯನ್ನು ಅಲ್ಲೇ ಮಣ್ಣು ತೆಗೆಸಿ ಇಡಿಸಿದಳು. ಅಪ್ಪ ಸ್ವಲ್ಪ ದೂರದಲ್ಲಿ ಟವೆಲ್ ಬಾಯಿಗೆ ಒತ್ತಿಕೊಂಡು ನಿಂತಿದ್ದ. ಹೊರಡುವಾಗ ಅತ್ತೆ ಅವನ ಹತ್ತಿರ ಹೋಗಿ, ಎರಡು ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ನೀ ಹೂತಿಲ್ಲ ಅಂತ ನನಗ ಮೊದಲ ಗೊತ್ತಿತ್ತಣ್ಣ. ನೀ ಹುಡುಕಲಿಲ್ಲ ಅಂತಾನೂ ಗೊತ್ತಿತ್ತು. ಈಗ ಹುಡುಕಿದಿ. ನಡಿ, ಬಸ್ಸು ಹೋಗ್ತೈತಿ."

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅತ್ತೆ ಈಗ ಆದೋನಿಯಲ್ಲಿ ನನ್ನ ಜೊತೆ ಇದ್ದಾಳೆ. ಹೋದ ವಾರ ಲಲಿತಾ ಮೇಡಂ ಬಹಳ ದಿನದ ಮೇಲೆ ಫೋನು ಮಾಡಿದರು. ಹಲ್ಲಿನ ಮೇಲಿನ ಗಟ್ಟಿ ಪದರದಲ್ಲಿ ಉಳಿದ ಪ್ರೋಟೀನು ನೋಡಿ ಗಂಡೋ ಹೆಣ್ಣೋ ಹೇಳುವ ವಿಧಾನ ಈಗ ಬಂದಿದೆಯಂತೆ. ನಮ್ಮ ಹೊಲದ ಹಲ್ಲು ಹೆಂಗಸಿನದು. ಹಲ್ಲು ಸವೆದಿರುವುದು ಕಡಿಮೆ, ಇಪ್ಪತ್ತು ಇಪ್ಪತ್ತೈದರ ವಯಸ್ಸಿರಬೇಕು. ಎಲುಬುಗಳೆಲ್ಲ ಹೈದರಾಬಾದಿನಲ್ಲಿ ಒಂದು ಸಂಗ್ರಹಾಲಯದ ಉಗ್ರಾಣದಲ್ಲಿ, ಡಬ್ಬಿಯಲ್ಲಿವೆ. ಅತ್ತೆಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಹೆಣ್ಮಗಳಾ," ಎಂದಳು. ಇನ್ನೊಂದು ಕಾಯಿ ಸುಲಿದು, "ಆಕಿನ್ನ ಕೇಳ್ಕೊಂಡು ಯಾರೂ ಬಂದಿಲ್ಲಲ್ಲ."

"ಮೂರೂವರೆ ಸಾವಿರ ವರ್ಷ ಅತ್ತಿ. ಯಾರು ಬರ್ತಾರ?"

"ನಮ್ಮ ಹೊಲದಾಕಿ. ನಾವು ಹೋಗೋಣು."

ಮೇಡಂ ಅನುಮತಿ ಕೊಡಿಸುತ್ತೇನೆ ಎಂದಿದ್ದಾರೆ. ನಾಳೆ ನಮ್ಮಿಬ್ಬರ ರೈಲು. ಆ ನಾಲ್ಕು ತಿಂಗಳು ನಾನು ಆ ಎಲುಬುಗಳಿಗೆ ಹೆದರಿ, ಅವು ಮಣ್ಣಲ್ಲೇ ಇದ್ದಿದ್ದರೆ ಎಂದು ಶಪಿಸಿದ್ದೆ. ಈಗ ಅವಳ ಮುಂದೆ ಹೋಗಿ ನಿಲ್ಲಬೇಕು. ಅತ್ತೆ ಬೆಳಿಗ್ಗೆಯಿಂದ ನನ್ನ ಬ್ಯಾಗು ತುಂಬಿಸುತ್ತಿದ್ದಾಳೆ. ಒಂದು ಖಣ, ಒಂದು ಸೇರು ಅಕ್ಕಿ, ಕೊಬ್ಬರಿ ಬಟ್ಟಲು, ಐದು ಅರಿಶಿನ ಕೊಂಬು. ತವರಿಗೆ ಬಂದ ಮಗಳಿಗೆ ಉಡಿ ತುಂಬುವ ಸಾಮಾನು.

"ನಾ ತುಂಬಬಾರದು, ನೀ ತುಂಬು," ಎಂದಿದ್ದಾಳೆ.

ಬೀಗ ಹಾಕಿದ ಕಪಾಟಿನ ಮುಂದೆ, ಕೈಗವುಸು ಹಾಕಿಕೊಂಡು ನಿಂತ ಅಧಿಕಾರಿಗೆ ಇದನ್ನು ಯಾವ ಭಾಷೆಯಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯುತ್ತಿಲ್ಲ. ಕೊಬ್ಬರಿಯ ಜಿಡ್ಡು ತಾಗೀತು, ದೂರ ಇಡಿ ಎನ್ನಬಹುದು. ನಕ್ಕು ಕಳಿಸಬಹುದು. ಎರಡು ಸಲ ಖಣವನ್ನು ಬ್ಯಾಗಿನಿಂದ ತೆಗೆಯಲು ಹೋದೆ. ಎರಡು ಸಲವೂ ಮಡಿಕೆ ಸರಿಮಾಡಿ ಒಳಗೇ ಇಟ್ಟೆ.